ಮೊರದೊಳಗಿನ ಚೆಕ್ಕು

ನಮ್ಮ ಅತ್ತೆಯ ತುರುಬಿನಲ್ಲಿ ಕನಕಾಂಬರದ ಪಕ್ಕ ಸದಾ ಒಂದು ಮೊಂಡು ಪೆನ್ಸಿಲ್ ಇರುತ್ತಿತ್ತು. ಮದುವೆ ಮನೆಗೂ ಹಾಗೇ ಬರುತ್ತಿದ್ದರು. ಹೊಸಬರು ಯಾರಾದರೂ "ಆಂಟಿ, ತಲೇಲಿ ಏನೋ ಸಿಕ್ಕಾಕೊಂಡಿದೆ" ಎಂದರೆ, "ಸಿಕ್ಕಾಕೊಂಡಿಲ್ಲಮ್ಮ, ಕೆಲಸಕ್ಕೆ ಇಟ್ಕೊಂಡಿದೀನಿ" ಎನ್ನುತ್ತಿದ್ದರು. ಊಟದ ಪಂಕ್ತಿ ಏಳುವ ಹೊತ್ತಿಗೆ ಯಾರದೋ ಸಾಲದ ಕಂತಿನ ಲೆಕ್ಕವನ್ನು ಲಗ್ನಪತ್ರಿಕೆಯ ಹಿಂದೆ ಹಾಕಿಕೊಡುತ್ತ ಕುಳಿತಿರುತ್ತಿದ್ದರು.

ಅವರು ಅಪ್ಪನ ಅಕ್ಕ. ರಾಜಾಜಿನಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿ, ಸಣ್ಣ ಕಾರ್ಖಾನೆಗಳ ಸಾಲದ ಅರ್ಜಿಗಳನ್ನು ಓದುತ್ತಲೇ ನಿವೃತ್ತರಾದವರು. ಆಮೇಲೆ ಮಾವನ ಜೊತೆ ಬಾಪೂಜಿ ನಗರದ ಮನೆಯಲ್ಲಿದ್ದರು. ಯಾವ ಕಂಪನಿಯ ಆಯವ್ಯಯ ಪಟ್ಟಿ ಕೊಟ್ಟರೂ ಹಿಂದಿನ ಪುಟದಿಂದ ಓದುತ್ತಿದ್ದರು. "ಲಾಭ ಎಷ್ಟು ಅಂತ ಮುಂದೆ ದಪ್ಪಕ್ಷರದಲ್ಲಿ ಬರೀತಾರೆ ಕಣೇ. ಯಾರಿಗೆ ಎಷ್ಟು ಕೊಡ್ಬೇಕು ಅನ್ನೋದು ಹಿಂದೆ ಇರುತ್ತೆ" ಎನ್ನುವರು.

ಶ್ರೀಗಂಧದ ಕಾವಲಿನ ನಮ್ಮ ಹೊಲ ಬಡಾವಣೆಯಾದಾಗ ತಾತ ಬಂದ ದುಡ್ಡಿನಲ್ಲಿ ಹೆಗ್ಗನಹಳ್ಳಿಯಲ್ಲಿ ಒಂದು ಕಾರ್ಖಾನೆ ಹಾಕಿದರು. ತಗಡನ್ನು ಒತ್ತಿ ವಾಹನಗಳ ಬಿಡಿಭಾಗ ಮಾಡುವ ಕೆಲಸ. ಕಂಪನಿ ಮಾಡಿ ಷೇರುಗಳನ್ನು ಅತ್ತೆ, ಅಪ್ಪ, ಚಿಕ್ಕಪ್ಪ ಮೂವರಿಗೂ ಸಮನಾಗಿ ಬರೆದರು. ಮಗಳಿಗೂ ಸಮಪಾಲು ಕೊಟ್ಟಿದ್ದಕ್ಕೆ ನೆಂಟರು ಮುಖ ಸಿಂಡರಿಸಿದರಂತೆ. ಅದಕ್ಕೆ ತಾತ ಒಂದು ಉಪಾಯ ಮಾಡಿದರು. ಗೌರಿ ಹಬ್ಬದ ದಿನವೇ ಮನೆಯಲ್ಲಿ ಷೇರುದಾರರ ವಾರ್ಷಿಕ ಸಭೆ ಇಟ್ಟು, ಮಗಳ ಲಾಭಾಂಶದ ಚೆಕ್ಕನ್ನು ಬಾಗಿನದ ಮೊರದಲ್ಲಿ, ಬಳೆ, ರವಿಕೆ ಕಣಗಳ ಕೆಳಗೆ ಇಟ್ಟುಕೊಟ್ಟರು. ತವರಿನ ಬಾಗಿನಕ್ಕೆ ಯಾರು ತಾನೆ ಎದುರಾಡುತ್ತಾರೆ?

ಉಪಾಯ ಚೆನ್ನಾಗಿತ್ತು. ಆದರೆ ತಾತ ಹೋದ ಮೇಲೂ ಅದೇ ನಡೆದು ನಮ್ಮ ಮನೆಯಲ್ಲಿ ಲಾಭಾಂಶ ಎಂಬ ಮಾತೇ ಸತ್ತುಹೋಯಿತು. "ಈ ವರ್ಷ ಬಾಗಿನ ಎಷ್ಟು ಮಾಡೋಣ?" ಎಂದು ಅಪ್ಪ ಆಡಿಟರನ್ನು ಕೇಳುತ್ತಿದ್ದರು. ಲಾಭಾಂಶವಾದರೆ ಲಾಭ ನೋಡಿಕೊಂಡು ಕಡಿಮೆ ಮಾಡಬಹುದು, ಬಿಡಲೂಬಹುದು. ಬಾಗಿನವನ್ನು ಕಡಿಮೆ ಮಾಡುವುದುಂಟೇ? ಹಾಗಾಗಿ ಅದು ವರ್ಷವರ್ಷಕ್ಕೂ ಏರುತ್ತಲೇ ಹೋಯಿತು.

ಅತ್ತೆಗೆ ಸಾಲವೆಂದರೆ ಭಯವಿರಲಿಲ್ಲ. ಕೈತುಂಬ ಆರ್ಡರ್ ಇದ್ದ ಕಾಲದಲ್ಲಿ ಹೊಸ ಪ್ರೆಸ್ ಯಂತ್ರಕ್ಕೆ ಸಾಲ ಮಾಡು ಎಂದು ಅಪ್ಪನನ್ನು ಹುರಿದುಂಬಿಸಿದವರೇ ಅವರು. "ಎಲ್ಲಾನೂ ಸ್ವಂತ ದುಡ್ಡಲ್ಲೇ ಮಾಡ್ತೀನಿ ಅಂತ ಕೂತ್ರೆ ಬೆಳೆಯಲ್ಲ ಕಣೋ. ಬಡ್ಡೀನ ಖರ್ಚು ಅಂತ ತೋರಿಸ್ಬಹುದು, ಟ್ಯಾಕ್ಸೂ ಉಳಿಯುತ್ತೆ. ಒಂದ್ ಮಾತ್ ಮಾತ್ರ ಮರೀಬೇಡ. ಷೇರಿನ ದುಡ್ಡು ಕಾಯುತ್ತೆ, ಸಾಲದ ದುಡ್ಡು ಕಾಯಲ್ಲ." ನಾನಾಗ ಕಾಲೇಜು ಮುಗಿಸಿ ಕಾರ್ಖಾನೆಯ ಲೆಕ್ಕ ನೋಡಿಕೊಳ್ಳಲು ಸೇರಿದ್ದೆ. ಎರಡು ವರ್ಷ ಪುಸ್ತಕದಲ್ಲಿ ಓದಿದ್ದು ಆ ದಿನ ಅಡುಗೆಮನೆ ಬಾಗಿಲಲ್ಲಿ ನಿಂತಾಗ ಅರ್ಥವಾಯಿತು.

ಕೆಲವು ವರ್ಷಗಳ ನಂತರ ನಮ್ಮ ದೊಡ್ಡ ಗಿರಾಕಿ ಆರ್ಡರ್ ಅರ್ಧಕ್ಕೆ ಇಳಿಸಿದ. ಹಳೆಯ ಬಾಕಿಯನ್ನೂ ಕೊಡದೆ ಎಳೆದಾಡಿದ. ಆ ವರ್ಷ ಲಾಭ ಹೆಸರಿಗಷ್ಟೇ. ಯಂತ್ರದ ಕಂತು, ಹದಿನಾರು ಜನರ ಸಂಬಳ ಎರಡೂ ಕುತ್ತಿಗೆಗೆ ಬಂದಿದ್ದವು. ಗೌರಿ ಹಬ್ಬ ಹತ್ತಿರವಾದಾಗ ಅಪ್ಪ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದಿಂದ ತೆಗೆದು ಬಾಗಿನ ಕೊಡೋಣ ಎಂದರು. "ನಿಲ್ಸಿದ್ರೆ ಫ್ಯಾಕ್ಟರಿ ಮುಳುಗ್ತು ಅಂತ ಊರೆಲ್ಲಾ ಆಡ್ಕೊಳ್ಳುತ್ತೆ. ಅಕ್ಕನ ಮುಂದೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ?"

ಹಾಗೆ ಕೊಟ್ಟರೆ ಎರಡು ತಿಂಗಳಲ್ಲಿ ಕಂತು ತಪ್ಪುತ್ತದೆಂದು ನನಗೆ ಗೊತ್ತಿತ್ತು. ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಲೆಕ್ಕದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಬಾಪೂಜಿ ನಗರಕ್ಕೆ ಹೋದೆ. ಅತ್ತೆ ಪೆನ್ಸಿಲ್ ತೆಗೆದು ಹಿಂದಿನ ಪುಟದಿಂದ ಓದಿದರು. ಓದಿ ಮುಗಿಸಿ, "ಸಭೇಲಿ ನಾನೇ ಬೇಡ ಅಂತೀನಿ. ನೀನು ಬಂದಿದ್ದು ಯಾರಿಗೂ ಹೇಳ್ಬೇಡ" ಎಂದರು.

"ಅಪ್ಪ ನಿಮ್ಮ ಮೇಲೆ ಸಿಟ್ಟಾಗ್ತಾರೆ ಅತ್ತೆ."

"ಆಗ್ಲಿ. ರಿಸ್ಕನ್ನ ಯಾರು ತಡ್ಕೋತಾರೋ ಅವರ ಮೇಲೆ ಹಾಕ್ಬೇಕು. ನೀನು ದಿನಾ ಅವನ ಎದುರಿಗೆ ಕೂತು ಕೆಲಸ ಮಾಡ್ಬೇಕು, ನಿನ್ ಕೈಲಾಗಲ್ಲ. ನಾನು ತಡ್ಕೋತೀನಿ. ಮುಂದಿನ ಗೌರಿ ಹಬ್ಬಕ್ಕೆ ಅವನೇ ಸರಿ ಹೋಗ್ತಾನೆ ಬಿಡು."

ನಾನು ಹಗುರಾಗಿ ಮನೆಗೆ ಬಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹಬ್ಬದ ದಿನ ಪೂಜೆಯಾಯಿತು. ಸಭೆಗೆಂದು ಮೂವರೂ ನಡುಮನೆಯಲ್ಲಿ ಕುಳಿತರು. ಠರಾವಿಗೆ ಸಹಿ ಬೀಳುವ ಮೊದಲೇ ಅಮ್ಮ ವಾಡಿಕೆಯಂತೆ ಅತ್ತೆಯ ಸೆರಗಿಗೆ ಮೊರ ಕೊಟ್ಟರು. ಅತ್ತೆ ಬಳೆ, ರವಿಕೆ ಕಣ, ಅರಿಶಿನ ಕುಂಕುಮ, ಕಾಳುಗಳನ್ನೆಲ್ಲ ಇಟ್ಟುಕೊಂಡರು. ಚೆಕ್ಕನ್ನು ಮಾತ್ರ ತೆಗೆದು ಅಪ್ಪನ ಮುಂದಿಟ್ಟರು.

"ಇದು ಬೇಡ. ಈ ವರ್ಷ ಲಾಭಾಂಶ ಬೇಡ ಅಂತ ಬರ್ಕೊಳ್ಳಿ."

ಅಪ್ಪನ ಮುಖ ಬಿಳಿಚಿಕೊಂಡಿತು. "ತವರಿನ ಬಾಗಿನ ವಾಪಸ್ ಕೊಡ್ತಿದೀಯಾ ಅಕ್ಕ?"

"ಬಾಗಿನ ತಗೊಂಡಿದೀನಲ್ಲೋ, ಮಡಿಲಲ್ಲೇ ಇದೆ ನೋಡು. ಇದು ಕಂಪನಿ ದುಡ್ಡು. ಸಾಲ ತಂದು ನಂಗೆ ಕೊಟ್ರೆ ಅದು ಲಾಭ ಹೇಗಾಗುತ್ತೆ? ಬ್ಯಾಂಕಿನವರ ದುಡ್ಡನ್ನ ಮೊರದಲ್ಲಿಟ್ಟು ನಂಗೆ ಬಾಗಿನ ಕೊಡ್ತೀಯಾ?"

ಅಕ್ಕ ಬೇಡವೆಂದ ಮೇಲೆ ತಮ್ಮಂದಿರು ಮಾತ್ರ ತೆಗೆದುಕೊಳ್ಳುವುದು ಹೇಗೆ? ಚಿಕ್ಕಪ್ಪ ತಲೆ ತಗ್ಗಿಸಿಕೊಂಡು ತನಗೂ ಬೇಡವೆಂದರು. ಅಪ್ಪ ಸಹಿ ಹಾಕಿದರು. ಆದರೆ ಊಟಕ್ಕೆ ಬರಲಿಲ್ಲ. ಅತ್ತೆ ಒಬ್ಬಟ್ಟು ತಿಂದು, ಅಮ್ಮನ ಜೊತೆ ಪಾತ್ರೆ ಒಳಗಿಟ್ಟು, ಅಪ್ಪನ ಕೋಣೆಯ ಮುಚ್ಚಿದ ಬಾಗಿಲಿಗೆ "ಬರ್ತೀನಿ ಕಣೋ" ಎಂದು ಹೇಳಿ ಹೊರಟರು.

ಕಾರ್ಖಾನೆ ಉಳಿಯಿತು. ಉಳಿದ ದುಡ್ಡಿನಲ್ಲಿ ಕಂತು ಕಟ್ಟಿದೆವು, ಸಂಬಳ ಕೊಟ್ಟೆವು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಬೇರೆ ಇಬ್ಬರು ಗಿರಾಕಿಗಳು ಸಿಕ್ಕರು. ಅಪ್ಪ ಮಾತ್ರ ಅತ್ತೆಯ ಜೊತೆ ಮಾತು ಬಿಟ್ಟರು. ಎಲ್ಲರ ಎದುರು ಅಕ್ಕ ತನ್ನ ಬಾಗಿನ ತಿರಸ್ಕರಿಸಿದಳು ಎಂಬುದೊಂದೇ ಅವರಿಗೆ ಕಂಡದ್ದು. ಮುಂದಿನ ಗೌರಿ ಹಬ್ಬಕ್ಕೆ ಸಭೆಯ ಕಾಗದಗಳನ್ನು ಸಹಿಗೆ ಅತ್ತೆಯ ಮನೆಗೇ ಕಳಿಸಿದರು. ಬಾಗಿನವನ್ನೂ ಚಿಕ್ಕಪ್ಪನ ಕೈಯಲ್ಲಿ ಕೊಟ್ಟು ಕಳಿಸಿದರು, ತಾವು ಹೋಗಲಿಲ್ಲ. ನಾನೂ ಜೊತೆಗೆ ಹೋಗಿದ್ದೆ. ಅತ್ತೆ ನಮ್ಮ ಹಿಂದೆ ಗೇಟಿನ ಕಡೆ ನೋಡಿ, "ಅವನು ಬರ್ಲಿಲ್ವಾ?" ಎಂದರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಮೀಸಲು ನಿಧಿ ಎಷ್ಟಾಯಿತೆಂದು ಕೇಳಿದರು. ಹೇಳಿದೆ. "ಪರವಾಗಿಲ್ಲ. ಇನ್ನೊಂದ್ ವರ್ಷ ಯಾರೂ ಮುಟ್ಬೇಡಿ" ಎಂದರು. ಅಪ್ಪನಿಗೆ ನಿಜ ಹೇಳಿಬಿಡಲೇ ಎಂದು ಕೇಳಿದೆ. ಬೇಡವೆಂದರು. ನಾನು ಎರಡನೇ ಸಲ ಕೇಳಲಿಲ್ಲ. ಬೇಡವೆಂದಿದ್ದು ನನಗೂ ಅನುಕೂಲವಾಗಿಯೇ ಇತ್ತು.

ಅದಾಗಿ ಆರು ತಿಂಗಳಿಗೆ, ಒಂದು ಬೆಳಿಗ್ಗೆ ಎದೆನೋವೆಂದು ಕುಳಿತ ಅತ್ತೆ ಏಳಲಿಲ್ಲ. ಮನುಷ್ಯರ ಸಿಟ್ಟು ಎಷ್ಟು ದಿನ ನಿಲ್ಲುತ್ತದೆಂಬ ಲೆಕ್ಕ ಒಂದನ್ನು ಅವರು ತಪ್ಪು ಹಾಕಿದ್ದರು.

ಮುತ್ತೈದೆ ಹೋದರೆ ತವರಿನವರು ಸೀರೆ ತರಬೇಕು. ಅಪ್ಪ ವಿಜಯನಗರದ ಅಂಗಡಿಯಲ್ಲಿ ಒಂದಾದ ಮೇಲೊಂದು ಸೀರೆ ತೆಗೆಸಿದರು. ಬೆಲೆ ಕೇಳಲಿಲ್ಲ. ಅವರೇ ಹೊದಿಸಿದರು. ಹೊದಿಸುವಾಗ "ಅಕ್ಕ, ತಗೋ" ಎಂದರು. ಒಂದೂವರೆ ವರ್ಷದಲ್ಲಿ ಅವರು ಅಕ್ಕನಿಗೆ ಆಡಿದ ಮೊದಲ ಮಾತು ಅದು.

ಹನ್ನೊಂದನೇ ದಿನದ ಕಾರ್ಯ ಮುಗಿದ ಸಂಜೆ ನಾನು ಎಲ್ಲವನ್ನೂ ಹೇಳಿದೆ. ಲೆಕ್ಕ ತೆಗೆದುಕೊಂಡು ಹೋದದ್ದು ನಾನು, ನಿಮಗೆ ಹೇಳಲು ಹೆದರಿದ್ದು ನಾನು, ಅವರು ನನ್ನ ಹೆಸರು ಹೇಳದೆ ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡರು ಎಂದೆ. ಅಪ್ಪ ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

"ಅವಳು ಇದ್ದಾಗ ಯಾಕಮ್ಮಾ ಹೇಳ್ಲಿಲ್ಲ?" ಎಂದು ಕೇಳಿದರು, ಅಷ್ಟೇ.