ಗಾಜಿನೊಳಗಿನ ಚುಕ್ಕಿ

ಕೌತಾಳಂ ಕಡೆಯ ಜನಕ್ಕೆ ಹಾಲಸ್ವಾಮಿಯೆಂದರೆ ಬಂದೂಕು, ಬಂದೂಕೆಂದರೆ ಹಾಲಸ್ವಾಮಿ. ಹೆಸರಿನಲ್ಲಿ ಹಾಲು, ಕೈಯಲ್ಲಿ ತೋಟಾ ಎಂದು ಹಂಗಿಸುವವರೂ ಇದ್ದರು. ಅನ್ನಲಿ ಬಿಡಿ, ಅನ್ನುವವರ ಬಾಯಿಗೆ ಬೀಗ ಹಾಕಲಾದೀತೇ? ಪ್ರಾಯದಲ್ಲಿ ಸೈನ್ಯಕ್ಕೆ ಹೋಗಿ ಬಂದ. ಆಮೇಲೆ ಆದೋನಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ತನ್ನದೇ ಹನ್ನೆರಡು ಬೋರಿನ ಬಂದೂಕನ್ನು ಹೆಗಲಿಗೇರಿಸಿ ನಿಂತು ನಿಂತೇ ಕೂದಲು ಬೆಳ್ಳಗೆ ಮಾಡಿಕೊಂಡ. ಇಷ್ಟು ಕಾಲ ಬಂದೂಕು ಹಿಡಿದರೂ ಮನುಷ್ಯನ ಮೈಗೆ ಒಂದು ಗೀರು ಮಾಡಿದವನಲ್ಲ. ಆ ಮಾತನ್ನು ಎದೆ ಸೆಟೆಸಿ ಹೇಳುತ್ತಿದ್ದ. ಅವನು ಗಳಿಸಿದ್ದು ಅಂತ ಇದ್ದರೆ ಆ ಮಾತೊಂದೇ.

ಕೆಲಸ ಬಿಟ್ಟು ಊರಿಗೆ ಬಂದು ಕೂತಾಗ ಕಾಡುಹಂದಿಗಳ ಕಾಟ ಮಿತಿಮೀರಿತ್ತು. ಇಂದು ಪೈರಾಗಿದ್ದ ಶೇಂಗಾ ಹೊಲ ನಾಳೆ ಬೆಳಗಾಗುವುದರೊಳಗೆ ರೆಂಟೆ ಹೊಡೆದ ಹಾಗೆ ಬಿದ್ದಿರುತ್ತಿತ್ತು. ಹಂದಿ ಹೊಡೆಯಲು ಸರಕಾರದ ಅನುಮತಿ ಬಂತು, ಊರಿನಲ್ಲಿ ಲೈಸೆನ್ಸ್ ಇದ್ದವನು ಹಾಲಸ್ವಾಮಿ ಒಬ್ಬನೇ. ಹತ್ತಿ ವ್ಯಾಪಾರಿ ಸಿದ್ದಲಿಂಗೇಶನಿಗೆ ಕಾಲುವೆ ಪಕ್ಕ ದೊಡ್ಡ ಮೆಕ್ಕೆಜೋಳದ ಹೊಲವಿತ್ತು. ಅವನು ಹೈದರಾಬಾದಿಗೆ ಹೋದವನು ಗುರಿ ಹಿಡಿಯಲು ಬಂದೂಕಿಗೆ ಕೂರಿಸುವ ಒಂದು ರೆಡ್ ಡಾಟ್ ತಂದು ಹಾಲಸ್ವಾಮಿಯ ಕೈಗಿಟ್ಟ. ಮುದುಕನ ಗುರಿ ತಪ್ಪಬಾರದಲ್ಲ.

ನೋಡಲು ಗೇಣುದ್ದವೂ ಇಲ್ಲದ ಕೊಳವೆ. ಒಳಗೊಂದು ಗಾಜು, ಗಾಜಿನಲ್ಲೊಂದು ಕೆಂಪು ಚುಕ್ಕಿ. ಹಾಲಸ್ವಾಮಿ ಅದನ್ನು ಬಂದೂಕಿನ ಬೆನ್ನಿಗೆ ಕೂರಿಸಿ, ಹೊಲದ ಬದುವಿಗೆ ರಟ್ಟು ಒರಗಿಸಿ, ಮರಳು ಚೀಲದ ಮೇಲೆ ನಳಿಗೆ ಇಟ್ಟು ಗುಂಡು ಹಾರಿಸಿ ನೋಡಿದ. ಚುಕ್ಕಿ ಒಂದು ಕಡೆ, ಗುಂಡಿನ ತೂತು ಇನ್ನೊಂದು ಕಡೆ. ನಾಣ್ಯದ ಅಂಚಿನಿಂದ ಕೊಳವೆಯ ಬದಿಯ ತಿರುಪನ್ನು ಒಂದಿಷ್ಟು ತಿರುಗಿಸುವುದು, ಮತ್ತೆ ಹಾರಿಸುವುದು, ಮೇಲಿನದನ್ನು ತಿರುಗಿಸುವುದು, ಮತ್ತೆ ಹಾರಿಸುವುದು. ತೂತು ಬಂದು ಚುಕ್ಕಿಗೆ ಕೂಡುವ ತನಕ ಬಿಡಲಿಲ್ಲ. ನಸುಕಿನಲ್ಲಿ ಚುಕ್ಕಿಯ ಬೆಳಕು ಜಾಸ್ತಿಯಿದ್ದರೆ ಎದುರಿಗಿದ್ದದ್ದು ಮಸುಕಾಗುತ್ತದೆಂದು ಅದನ್ನೂ ತಗ್ಗಿಸಿಟ್ಟ. ಚಹಾ ತಂದ ಹೆಂಡತಿ ವೀರಬಸಮ್ಮನಿಗೂ ತೋರಿಸಿದ. ಇದಕ್ಕೆ ಎರಡೂ ಕಣ್ಣು ತೆರೆದಿರಬೇಕು, ಒಂದು ಮುಚ್ಚಿದರೆ ಅರ್ಧ ಹೊಲವೇ ಕಾಣೆಯಾಗುತ್ತದೆ, ಚುಕ್ಕಿಯನ್ನು ದಿಟ್ಟಿಸದೆ ಎದುರಿಗಿರುವುದನ್ನು ನೋಡಬೇಕು ಎಂದು ಹೇಳಿಕೊಟ್ಟ. ಆಕೆ ಇಣುಕಿ, ಬೊಟ್ಟು ಇಟ್ಟ ಹಾಗೆ ಚೆಂದ ಕಾಣುತ್ತದೆ ಅಂದಳು.

ಅವಳ ತಮ್ಮ ನಾಗಣ್ಣನೂ ಅಲ್ಲೇ ಇದ್ದ. ಆಟೋ ಓಡಿಸುವವನು, ಮಾತಿಗೆ ಮುಂಚೆ ನಗುವವನು, ಭಾವ ಅಂದರೆ ಜೀವ. ಅವನು ರಟ್ಟಿನ ಹತ್ತಿರ ಹೋಗಿ ಹುಡುಕತೊಡಗಿದ.

"ಭಾವ, ಚುಕ್ಕಿ ಎಲ್ಲಿ ಬಿದ್ದೈತ್ರಿ? ಕಾಣವಲ್ದು."

"ಅದು ಗಾಜಿನೊಳಗ ಐತೋ ಮಾರಾಯ. ಹಿಡಿದೋನ ಕಣ್ಣಿಗಷ್ಟ ಕಾಣತೈತಿ, ಯಾರ ಮ್ಯಾಲೂ ಬೀಳಂಗಿಲ್ಲ."

ನಾಗಣ್ಣ ನಂಬಬೇಕಲ್ಲ. ಸಿನಿಮಾದಲ್ಲಿ ಗುಂಡು ಬೀಳುವ ಮೊದಲು ಎದೆಯ ಮೇಲೆ ಕೆಂಪು ಚುಕ್ಕಿ ಓಡಾಡುವುದನ್ನು ಅವನು ಎಷ್ಟು ಸಲ ನೋಡಿಲ್ಲ! ಅದು ಲೇಸರು, ಅದರ ಜಾತಿಯೇ ಬೇರೆ ಎಂದು ಹಾಲಸ್ವಾಮಿ ಗಂಟಲು ಹರಿದುಕೊಂಡ. "ಸರಿ ಬಿಡ್ರಿ ಭಾವ, ನೀವು ಹೇಳಿದ್ರ ಆತು" ಎಂದು ನಾಗಣ್ಣ ನಕ್ಕ. ಆ ನಗುವಿನಲ್ಲಿ ಒಪ್ಪಿಗೆಯಿರಲಿಲ್ಲ.

ಇದಕ್ಕೆ ಉಪ್ಪು ಖಾರ ಹಚ್ಚಿದವನು ಸಿದ್ದಲಿಂಗೇಶ. ಹಲಗೆ ಬಡಿದು ಹಂದಿ ಎಬ್ಬಿಸಲು ಜನ ಬೇಕಿತ್ತು, ಬಂದೂಕಿನ ಮುಂದೆ ನಡೆಯಲು ಯಾರಿಗೂ ಧೈರ್ಯವಿರಲಿಲ್ಲ. ಅವನು ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಹೇಳಿ, ಮೈಮೇಲೆ ಚುಕ್ಕಿ ಬಿದ್ದವರಿಗಷ್ಟೇ ಗುಂಡು, ಇಲ್ಲದವರಿಗೆ ಎಂಥ ಭಯ ಎಂದು ಬಿಟ್ಟ. ಹಾಲಸ್ವಾಮಿ ಅಲ್ಲೇ ಕೂತಿದ್ದ. ಹಂಗಲ್ಲ ಸಾವ್ಕಾರ್ರ ಅಂದ, ಒಂದು ಸಲ ಅಂದ. ಎಲ್ಲರೂ ನಕ್ಕರು, ಮಾತು ಹಂದಿಯ ಮಾಂಸದ ಕಡೆ ಹೊರಳಿತು. ಇವನೂ ಸುಮ್ಮನಾದ. ಸಾಹುಕಾರನ ಚಹಾ ಕುಡಿಯುತ್ತ ಎಷ್ಟು ಸಲ ಎದುರಾಡಲಾಗುತ್ತದೆ? ಆಡಬೇಕಿತ್ತು. ಮೇಜು ಗುದ್ದಿ ಆಡಬೇಕಿತ್ತು.

ಹೊರಡುವ ಮುನ್ನ ಮಾತ್ರ ಅವನು ಕಟ್ಟುನಿಟ್ಟಾಗಿ ಹೇಳಿದ್ದ. ಹಲಗೆಯವರು ಬೇವಿನ ಮರದ ಬದುವಿನ ತನಕ ಬರಬೇಕು, ಅಲ್ಲಿ ಬದುವಿನ ಕೆಳಗೆ ಕೂತುಬಿಡಬೇಕು, ತಾನು ಸಿಳ್ಳೆ ಹಾಕುವ ತನಕ ಯಾರೂ ತಲೆ ಎತ್ತಬಾರದು. ಎಲ್ಲರೂ ಹೂಂ ಅಂದರು, ಹಲಗೆ ಹಿಡಿದಿದ್ದ ನಾಗಣ್ಣನೂ ಅಂದ. ಬೆಳಕು ಹರಿಯುವ ಹೊತ್ತಿಗೆ ಹಲಗೆಯ ಸದ್ದು ಎದ್ದಿತು, ಬದುವಿನ ಹತ್ತಿರ ಬಂದು ನಿಂತಿತು. ಎಲ್ಲರೂ ಕೂತರು. ಹಾಲಸ್ವಾಮಿ ಬಂದೂಕು ಎತ್ತಿ, ಮೈಯೆಲ್ಲ ಕಣ್ಣಾಗಿ ಕಾದ.

ಹಂದಿ ನುಗ್ಗಿದ್ದು ಎದುರಿನಿಂದಲೇ. ಕರುವಿನಷ್ಟಿತ್ತು. ಬಯಲಿಗೆ ಬಂದದ್ದೇ ಎಡಕ್ಕೆ, ಬದುವಿನ ಕಡೆ ತಿರುಗಿ ಓಡಿತು. ಹಾಲಸ್ವಾಮಿ ಅದರ ಹಿಂದೆಯೇ ಬಂದೂಕು ತಿರುಗಿಸಿದ. ಚುಕ್ಕಿ ಹಂದಿಯ ಹೆಗಲಿಗೆ ಹತ್ತಿತು, ಟ್ರಿಗರ್ ಎಳೆದ. ಹಂದಿ ಓಡಿಹೋಯಿತು.

ಬದುವಿನ ಮೇಲೆ ನಾಗಣ್ಣ ಬಿದ್ದಿದ್ದ. ಹಂದಿ ನೋಡಲೆಂದು ಎದ್ದು ನಿಂತಿದ್ದನಂತೆ. ಕೂತುಕೋ ಅಂದವರಿಗೆ, ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡು, ಚುಕ್ಕಿ ಇಲ್ಲ ಬಿಡ್ರೋ ಅಂದನಂತೆ. ಹಾಲಸ್ವಾಮಿ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಇನ್ನೂ ಉಸಿರಿತ್ತು.

"ಚುಕ್ಕಿ ಬೀಳಲಿಲ್ಲಲ್ಲ, ಭಾವ" ಅಂದ. ಅವನ ಮುಖದಲ್ಲಿ ನೋವಿಗಿಂತ ಅಚ್ಚರಿಯೇ ಹೆಚ್ಚಿತ್ತು. ಆದೋನಿಯ ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಯಿತು.

ಪೊಲೀಸರು ಬಂದರು, ಬಂದೂಕು ತೆಗೆದುಕೊಂಡು ಹೋದರು, ಹೇಳಿಕೆ ಬರೆದುಕೊಂಡರು. ಎಲ್ಲರದೂ ಒಂದೇ ಮಾತು: ಕೂತಿರು ಅಂದರೂ ಎದ್ದು ನಿಂತ, ಹಾಲಸ್ವಾಮಿಯದೇನು ತಪ್ಪು? ಸಿದ್ದಲಿಂಗೇಶ ಎಲ್ಲರಿಗಿಂತ ಮುಂದೆ ನಿಂತು ಹಾಗೆ ಹೇಳಿ ಕೈ ತೊಳೆದುಕೊಂಡ. ಹೋಟೆಲಿನಲ್ಲಿ ನಾಗಣ್ಣನಿಗೆ ಹುಚ್ಚನೆಂಬ ಹೆಸರು ಬಂತು. ಸತ್ತವನು ಎದ್ದು ಬಂದು ಜಗಳ ಆಡುವುದಿಲ್ಲವಲ್ಲ. ಅವನ ಹೆಂಡತಿ ಮಂಗಳಾ ಕೂಡ ಹಾಲಸ್ವಾಮಿಯ ಮುಂದೆ ಸೆರಗು ಬಾಯಿಗೊತ್ತಿಕೊಂಡು, ನಮ್ಮವರದೇ ತಪ್ಪು ಅಣ್ಣ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ ಅಂದಳು. ಅದಕ್ಕಿಂತ ಅವಳು ಚಪ್ಪಲಿಯಲ್ಲಿ ಹೊಡೆದಿದ್ದರೆ ಅವನಿಗೆ ಸುಖವಾಗುತ್ತಿತ್ತು.

ಯಾಕೆಂದರೆ ಹಂದಿ ನುಗ್ಗಿದಾಗ ಅವನ ಎಡಗಣ್ಣು ಮುಚ್ಚಿತ್ತು. ಸಾವಧಾನದಲ್ಲಿ ಎರಡೂ ಕಣ್ಣು ತೆರೆದು ಗುರಿ ಹಿಡಿಯಬಲ್ಲವನು, ಗಡಿಬಿಡಿಯಾದ ಕೂಡಲೇ ಹಳೆಯ ಸಿಪಾಯಿಯಾಗಿಬಿಟ್ಟಿದ್ದ. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಗುಬ್ಬಿಗೆ ಒಂದೇ ಕಣ್ಣು ಹಚ್ಚಿ ಆಯುಷ್ಯ ಕಳೆದವನ ರೆಪ್ಪೆ ಅವನನ್ನು ಕೇಳದೆಯೇ ಬಿದ್ದುಹೋಗಿತ್ತು. ಎಡಗಡೆ ಬದು ಕಾಣಲಿಲ್ಲ, ಬದುವಿನ ಮೇಲೆ ನಿಂತ ಮನುಷ್ಯ ಕಾಣಲಿಲ್ಲ. ಇದು ಹೇಳಿಕೆಯಲ್ಲಿ ಇರಲಿಲ್ಲ. ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಒಂದು ಮಾತು ಬಾಯಿಬಿಟ್ಟರೆ ನಾಗಣ್ಣನ ಹುಚ್ಚನೆಂಬ ಹೆಸರು ಹೋಗುತ್ತದೆ, ತಾನು ಜೈಲಿಗೆ ಹೋಗುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು.

ನಾಗಣ್ಣನ ಶಿವಗಣಾರಾಧನೆ ಮುಗಿಯಿತು, ಬಂದ ಬೀಗರೆಲ್ಲ ಹೋದರು. ವೀರಬಸಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಗಂಡ ಎದುರಿಗೆ ಬಂದು ಕೂತಾಗ ಕೈ ನಿಲ್ಲಿಸಿದಳು.

"ಒಂದು ಕೇಳತೀನಿ. ನಿಮ್ಮ ಎಡಗಣ್ಣು ತೆರೆದಿತ್ತೇನ್ರಿ?"

ಹಾಲಸ್ವಾಮಿ "ಇಲ್ಲ" ಅಂದ. ಅಂದದ್ದೇ ತಡ, ಅಷ್ಟು ದಿನ ಎದೆಯ ಮೇಲಿದ್ದ ಬಂಡೆ ಉರುಳಿದ ಹಾಗಾಯಿತು. ಠಾಣೆಗೂ ಹೋಗಿ ಹೇಳುತ್ತೇನೆ, ಮಂಗಳಾಳ ಕಾಲಿಗೂ ಬೀಳುತ್ತೇನೆ ಎಂದು ಮಗುವಿನ ಹಾಗೆ ಅತ್ತ.

ವೀರಬಸಮ್ಮನ ಕಣ್ಣಲ್ಲಿ ನೀರು ಬರಲಿಲ್ಲ. ಮೊರದಲ್ಲಿದ್ದ ಕಾಳನ್ನು ಒಂದು ಕಡೆ ಸರಿಸಿ ಎದ್ದು ನಿಂತಳು.

"ಇದ್ದೊಬ್ಬ ತಮ್ಮ ಹೋದ. ಗಂಡನಾದ್ರೂ ಉಳದಾನ ಅಂತ ಇಷ್ಟು ದಿನ ಅನ್ನ ತಿಂದೀನಿ. ಕೇಳಿದ್ದು ನಾನೇ, ಖರೆ. ಆದ್ರ ನೀವು ಸುಳ್ಳು ಹೇಳಬೇಕಿತ್ತಲ್ರಿ."