ಸಂತೆಯಲ್ಲಿ ಹೆಸರು ಕೂಗಿದ ವೈಜಿನಾಥ

ಬಂಡಿ ವೈಜಿನಾಥನ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ಎತ್ತಿನ ಮೇಲೆ ಬಾರಕೋಲು ಎತ್ತಿದವನಲ್ಲ, ಆದರೆ ಮನುಷ್ಯರನ್ನು ಬೈಯುವಾಗ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಗಟ್ಟಿಮುಟ್ಟಾದವನೊಬ್ಬ ದಾರಿಯಲ್ಲಿ ಕೈ ಒಡ್ಡಿದರೆ ಸಾಕು, “ಕೈ ಅವ, ಕಾಲ ಅವ, ದುಡದು ತಿನ್ನಾಕ ಏನ್ ರೋಗ ಬಂದದ?” ಎಂದು ಬಂಡಿ ನಿಲ್ಲಿಸಿ ಜಗಳ ತೆಗೆಯುತ್ತಿದ್ದ. ಐವತ್ತರ ಹತ್ತಿರ ಬಂದಿದ್ದ. ಬಸವಕಲ್ಯಾಣಕ್ಕೆ ಆಗ ಬರೀ ಕಲ್ಯಾಣಿ ಅನ್ನುತ್ತಿದ್ದರು. ಕಲ್ಯಾಣಿಯಿಂದ ಹುಮನಾಬಾದ ಸಂತೆಗೆ ಸಾಮಾನು ಸಾಗಿಸುವುದೇ ಅವನ ಕಸುಬು.

ನಲವತ್ತೊಂಬತ್ತನೇ ಇಸವಿಯಲ್ಲಿ ಅವನ ಬಂಡಿಯ ಮೆಣಸಿನಕಾಯಿ ಚೀಲಗಳ ಮೇಲೆ ಬೇಡುವವರು ಕೂಡತೊಡಗಿದರು. ಮೊದಲು ನಿಜಾಮನ ಕಡೆಯ ರಜಾಕಾರರ ಹಾವಳಿ, ಆಮೇಲೆ ಪೊಲೀಸ್ ಆಕ್ಷನ್ನಿನ ಬೆನ್ನಿಗೇ ಕೊಲೆ, ಸುಲಿಗೆ. ಒಂದು ಸಲ ಹಿಂದೂಗಳ ಮನೆ, ಇನ್ನೊಂದು ಸಲ ಮುಸಲ್ಮಾನರ ಮನೆ. ಉಳಿದವರಿಗೆ ಉಳಿದದ್ದು ಹೊಟ್ಟೆ. ತಮ್ಮೂರಲ್ಲಿ ಕೈ ಒಡ್ಡಿದರೆ ಮಾನ ಹೋಗುತ್ತದೆಂದು ಕಲ್ಯಾಣಿಯವರು ಹುಮನಾಬಾದಿಗೆ ಹೋಗಿ ಬೇಡುತ್ತಿದ್ದರು, ಹುಮನಾಬಾದಿನವರು ಕಲ್ಯಾಣಿಗೆ ಬರುತ್ತಿದ್ದರು. ಎರಡೂ ಊರಿನ ಗುಟ್ಟು ಬಲ್ಲವನು ವೈಜಿನಾಥ. ಬಾಡಿಗೆ ತಗೊಳ್ಳುತ್ತಿರಲಿಲ್ಲ. ಯಾರ ಹೆಸರನ್ನೂ ಹುಮನಾಬಾದಿನಲ್ಲಿ ಬಾಯಿಗೆ ತರುತ್ತಿರಲಿಲ್ಲ.

ಬುರ್ಖಾದಲ್ಲಿ ಬರುತ್ತಿದ್ದವಳು ಅಕ್ಬರಿ. ಕಲ್ಯಾಣಿಯ ಬಟ್ಟೆ ಅಂಗಡಿಯ ಅಜೀಮುದ್ದೀನ್ ಸಾಹೇಬರ ಹೆಂಡತಿ. ಅಂಗಡಿ ಸುಟ್ಟ ದಿನ ಮನೆಯಿಂದ ಹೊರಬಿದ್ದ ಸಾಹೇಬರು ತಿರುಗಿ ಬರಲಿಲ್ಲ. ಪಕ್ಕದಲ್ಲಿ ಕೂಡುತ್ತಿದ್ದ ಜಿಜಾಬಾಯಿಯ ಮನೆಯನ್ನು ಅದಕ್ಕೂ ಮೊದಲೇ ರಜಾಕಾರರು ಸುಟ್ಟಿದ್ದರು. ಇಬ್ಬರೂ ಒಂದೇ ರೊಟ್ಟಿ ಮುರಿದು ತಿನ್ನುತ್ತಿದ್ದರು.

ಒಂದು ಸಂತೆಗೆ ಹೊರಟಾಗ ಅಕ್ಬರಿ ಮೆಲ್ಲಗೆ ಹೇಳಿದಳು: “ವೈಜಿನಾಥಭಾಯಿ, ನನ್ನ ಮಗಳು ಸುಗ್ರಾಗ ಚಿಟಗುಪ್ಪದ ಸಂಬಂಧ ಕೂಡ್ಯದ. ಬರೋ ತಿಂಗಳ ನಿಕಾಹ್. ಒಂದ್ ಜೋಡಿ ಅರಿವಿ, ನಾಕ್ ಮಂದಿಗಿ ಊಟ, ಅಷ್ಟಾದ್ರ ಸಾಕು. ಅವರೂ ಈ ಸಂತಿಗಿ ಬರತಾರ. ನಾ ಬೇಡತೀನಿ ಅಂತ ತಿಳೀತಂದ್ರ ಹುಡುಗಿ ಬಾಳೇ ಮುಗೀತು.”

“ನಾ ಯಾಕ ಹೇಳ್ಲಿ ಬೀಬಮ್ಮ? ನನಗೇನ್ ಹುಚ್ಚ ನಾಯಿ ಕಡದದೇನು?”

“ಕಡೀಬೇಕಂದ್ರ ಆ ನಾಯಿಗೂ ಧೈರ್ಯ ಬೇಕಲ್ಲೋ ತಮ್ಮಾ,” ಅಂದಳು ಜಿಜಾಬಾಯಿ. ಅಕ್ಬರಿ ಬುರ್ಖಾದೊಳಗೇ ನಕ್ಕಳು.

ಮರುದಿನ ಸಂತೆಯಲ್ಲಿ ಅವಳು ಬೆಲ್ಲದ ವ್ಯಾಪಾರಿ ತುಳಜಾರಾಮನ ಅಂಗಡಿ ಮುಂದೆ ಕೈ ಒಡ್ಡಿ ನಿಂತಳು. ಅವನು ಕೊಡಲಿಲ್ಲ.

“ಯಾವೂರಕಿ ನೀ? ಬಾಯಿ ಬಿಡು. ಯಾಕ, ದನಿ ಗಂಡಸರದಂಗ ಅದೇನೋ? ರಜಾಕಾರ ಇದ್ದೀ ಏನೋ ಒಳಗ?”

ಜನ ಕೂಡಿದರು. ಅಕ್ಬರಿ ತುಟಿ ಬಿಚ್ಚಲಿಲ್ಲ. ಹಿಂದೆ ಸರಿಯುತ್ತಿದ್ದವಳಿಗೆ ಒಬ್ಬ ಅಡ್ಡ ನಿಂತ. ತುಳಜಾರಾಮ ಗಲ್ಲಾ ಬಿಟ್ಟು ಎದ್ದು ಬಂದ. “ತೆಗಿ ಮುಸುಕು. ತೆಗೀತೀಯೋ, ನಾನೇ ಎಳೀಲ್ಯೋ?”

ಎದುರು ಬದಿಯಲ್ಲಿ ಚೀಲ ಇಳಿಸುತ್ತಿದ್ದ ವೈಜಿನಾಥನ ತಲೆ ಕೆಟ್ಟಿತು. ಚೀಲ ಅಲ್ಲೇ ಬಿಸಾಡಿ ಓಡಿ ಬಂದು ತುಳಜಾರಾಮನ ಕೈ ಹಿಡಿದು ತಿರುವಿದ. “ಮುಟ್ಟಿದ್ರ ಕೈ ಮುರೀತೀನಿ, ಸೂಳೇಮಗನ! ರಜಾಕಾರ ಅಂತಾನ! ಕಲ್ಯಾಣಿ ಅಜೀಮುದ್ದೀನ್ ಸಾಹೇಬರ ಹೆಂಡತಿ ಅವರು! ನಿನ್ನಂಥ ಹತ್ತ ಮಂದಿಗಿ ಉದ್ರಿ ಅರಿವಿ ಕೊಟ್ಟ ಮನಿ!”

ಅಕ್ಬರಿಯ ಬಾಯಿಂದ “ಯಾ ಅಲ್ಲಾ” ಅಂತ ಒಂದು ಮಾತು ಬಂತು, ಅಷ್ಟೇ. ತುಳಜಾರಾಮ ನಾಚಿ ಒಂದಾಣೆ ತಂದು, “ತಪ್ಪಾಯ್ತು ತಾಯಿ,” ಎಂದು ಅವಳ ಅಂಗೈಯಲ್ಲಿಟ್ಟ. ಬೆಲ್ಲ ತೂಗಿಸುತ್ತಿದ್ದ ಕೆಂಪು ಟೊಪ್ಪಿಗೆಯವನೊಬ್ಬ ಬೆಲ್ಲ ಅಲ್ಲೇ ಬಿಟ್ಟು ವೈಜಿನಾಥನ ಹತ್ತಿರ ಬಂದ.

“ಯಾವ ಅಜೀಮುದ್ದೀನ್ ಅಂದ್ರಿ? ಬಟ್ಟಿ ಅಂಗಡಿಯವರಾ?”

“ಹೌದು, ಅವರೇ!” ಎಂದ ವೈಜಿನಾಥ. ಎದೆ ಇನ್ನೂ ಉಬ್ಬಿಯೇ ಇತ್ತು.

ಅವನು ಸುಗ್ರಾಳಿಗೆ ಗೊತ್ತಾದ ಹುಡುಗನ ಕಾಕಾ, ಚಿಟಗುಪ್ಪದ ಸಲಾವುದ್ದೀನ್. ಅಕ್ಬರಿ ಬಾಯಿ ಬಿಡದಿದ್ದದ್ದು ಅವನು ಅಲ್ಲಿ ನಿಂತಿದ್ದಕ್ಕೇ. ತಿರುಗಿ ಬರುವಾಗ ಬಂಡಿಯಲ್ಲಿ ಜಿಜಾಬಾಯಿ ಇದನ್ನು ಹೇಳಿದಳು. ಅಕ್ಬರಿ ಬೈದಿದ್ದರೆ ವೈಜಿನಾಥನಿಗೆ ಎಷ್ಟೋ ಹಗುರಾಗುತ್ತಿತ್ತು.

ಎಂಟು ದಿನಕ್ಕೆ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ವೈಜಿನಾಥ ಚಿಟಗುಪ್ಪಕ್ಕೆ ಹೋದ, ರುಮಾಲು ತೆಗೆದು ಸಲಾವುದ್ದೀನನ ಪಾದದ ಬಳಿ ಇಟ್ಟ. ಜನ್ಮದಲ್ಲಿ ಯಾರ ಮುಂದೂ ತಗ್ಗದ ಮನುಷ್ಯ.

ಸಲಾವುದ್ದೀನ ಅವನನ್ನು ಎಬ್ಬಿಸಿ ಚಾ ಕುಡಿಸಿದ. “ಮಾನದ ಮಾತು ಬಿಡ್ರಿ. ಕಾಲ ಹಂಗದ, ಯಾರಿಗಿ ಮಾನ ಉಳದದ? ಅವರ ಮನ್ಯಾಗ ಇನ್ನೂ ಏನಾರ ಇರಬೇಕು ಅಂತ ತಿಳದಿದ್ವಿ. ನಮ್ಮ ಮನ್ಯಾಗೇ ಎರಡ್ ಹೊತ್ತು ಒಲಿ ಹಚ್ಚಂಗಿಲ್ಲ. ಹುಡುಗಿ ತಂದ್ರ ನಾಳಿ ಅವರವ್ವನೂ ಬರತಾಳ. ಯಾರು ಹಾಕಬೇಕ್ರಿ ಕೂಳು?”

ವೈಜಿನಾಥ ರುಮಾಲು ಸುತ್ತಿಕೊಂಡು ಊರಿನ ದಾರಿ ಹಿಡಿದ.

ಮುಂದಿನ ಸಂತೆಗೆ ಅಕ್ಬರಿ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಒಂದು ಗುರುವಾರ ಮುಂಜಾನೆ ಎತ್ತಿಗೆ ಮೇವು ಹಾಕುತ್ತಿದ್ದಾಗ ಅಂಗಳದಲ್ಲಿ ಯಾರೋ ನಿಂತಂತಾಯಿತು. ಅಕ್ಬರಿ ಮುಸುಕು ಮೇಲಕ್ಕೆ ಸರಿಸಿದ್ದಳು. ಇಷ್ಟು ದಿನದಲ್ಲಿ ಅವಳ ಮುಖವನ್ನು ಅವನು ನೋಡಿರಲಿಲ್ಲ. ತಲೆ ತಗ್ಗಿಸಿದ.

“ಬೀಬಮ್ಮ, ನಾಡದು ಸಂತಿ ಅದ. ಬಂಡ್ಯಾಗ ಬರ್ರಿ.”

“ಅಷ್ಟು ದೂರ ಯಾಕ ಭಾಯಿ? ಈಗ ಇಲ್ಲೇ ಆಗತದ.”

ಒಳಗಿಂದ ಹೆಂಡತಿ ಮೊರದಲ್ಲಿ ಜೋಳ ತಂದಳು. ಅಕ್ಬರಿ ಕೈ ಒಡ್ಡಲಿಲ್ಲ, ಪಕ್ಕಕ್ಕೆ ಸರಿದಳು. ಅವಳ ಹಿಂದೆ ಸುಗ್ರಾ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಿದ್ದಳು.