ನಡುವಿನ ಜಾಗ

ಮಾದಾಪುರದ ಕಡೆ ಯಾರ ಮದುವೆಯಾದರೂ ಫೋಟೋ ತೆಗೆಯಲು ಬರುತ್ತಿದ್ದವರು ಒಬ್ಬರೇ. ಹಿಂದೆ ವಾಯುಪಡೆಯಲ್ಲಿ ಫೋಟೋಗ್ರಾಫರ್ ಆಗಿದ್ದವರು. ಅಂಗೈಯಿಂದ ಗಾಳಿ ತಳ್ಳುತ್ತಾ, ಗಂಡು-ಹೆಣ್ಣಿಗೆ "ಸ್ವಲ್ಪ ದೂರ ನಿಲ್ಲಿ" ಎನ್ನುತ್ತಿದ್ದರು. ನಮ್ಮೂರಿನ ಗಂಡ-ಹೆಂಡಿರ ಪಟಗಳಲ್ಲೆಲ್ಲ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ.

ನನ್ನ ತಂಗಿಯ ಮದುವೆಯಲ್ಲಿ ಸೋದರಮಾವ ರೇಗಿದರು: "ಏನ್ರೀ, ಜಗಳ ಆಡ್ದೋರ ತರ ನಿಲ್ಸಿದ್ದೀರಲ್ಲ! ಹತ್ರ ಬರೋಕೆ ಹೇಳ್ರೀ."

ಅವರು ಕ್ಯಾಮೆರಾ ಬಿಟ್ಟು ಹಿಂದೆ ಸರಿದರು. "ಯುದ್ಧದ ಹಳೇ ವಿಮಾನ ಒಂದನ್ನ ರಿಪೇರಿ ಮಾಡಿ ಹಾರಿಸಿದ್ರು. ನಾನು ಇನ್ನೊಂದು ವಿಮಾನದಲ್ಲಿ ಕೂತು ಅದರ ಫೋಟೋ ತೆಗೀತಿದ್ದೆ. ಹತ್ರ ಬಾ ಅಂತ ಅದರ ಪೈಲಟ್‌ಗೆ ಕೈ ಮಾಡ್ದೆ. ಬಂದ. ಇನ್ನೂ ಹತ್ರ ಕರೆದೆ. ರೆಕ್ಕೆಗೆ ರೆಕ್ಕೆ ತಾಗ್ತು. ನಾವು ಹೆಂಗೋ ಇಳಿದ್ವಿ. ಅವನು ಬಿದ್ದ."

ಮಾವ, "ಫೋಟೋ ಬಂತಾ?" ಎಂದರು.

"ಚೆನ್ನಾಗೇ ಬಂತು. ನನ್ನ ನೋಡಿ ನಗ್ತಾ ಇದ್ದಾನೆ."